ಕರಡಿಮರಿಯ ಚಿತ್ರ ಮತ್ತು ಕಾವಲಿನ ಕೈಪಿಡಿಗಳು

ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಪ್ರಾರಂಭಿಸಬೇಕಾಗಿದೆ. 2002ನೆಯ ಇಸವಿಯ ಜೂನ್ ತಿಂಗಳು. ಬೇಸಿಗೆ ರಜೆ ಮುಗಿದು ಶಾಲೆ ಆಗಷ್ಟೇ ತೆರೆದಿತ್ತು. ನಾನು ಸೇವೆ ಸಲ್ಲಿಸುತ್ತಿದ್ದ ಪ್ರೌಢಶಾಲೆಗೆ ದಾನಿಗಳೊಬ್ಬರ ಕೃಪೆಯಿಂದ ಆರು ಗಣಕಯಂತ್ರಗಳು ಬಂದು ಎರಡು ವರ್ಷಗಳಾಗಿದ್ದವು. ನನ್ನ ವಿಷಯ ಸಮಾಜ ವಿಜ್ಞಾನ. ಆದರೂ ಗಣಕಯಂತ್ರದ ಕೊಠಡಿಯ ಬೀಗದ ಕೈ ನನ್ನ ಪಾಲಿಗೆ ಬಂದುದಕ್ಕೆ ಕಾರಣ ಒಂದೇ. ಯೌವನದಲ್ಲಿ ನಾನು ಟೈಪ್‌ರೈಟಿಂಗ್ ಜೂನಿಯರ್ ಪರೀಕ್ಷೆಯನ್ನು ಪಾಸು ಮಾಡಿದ್ದೆನೆಂಬ ಸಂಗತಿ ನಮ್ಮ ಮುಖ್ಯೋಪಾಧ್ಯಾಯರಿಗೆ ತಿಳಿದಿತ್ತು.

ಒಂದು ದಿನ ಹಳೆಯ ಸಹಪಾಠಿಯೊಬ್ಬರಿಂದ ಮಿಂಚಂಚೆ ಬಂದಿತು. ಜೆಡಿಬಿಜಿಎಂಜಿಆರ್.ಇಎಕ್ಸ್‌ಇ ಎಂಬ ಹೆಸರಿನ ಕಡತವೊಂದು ನಿಮ್ಮ ಯಂತ್ರದಲ್ಲಿ ಅಡಗಿದೆ, ಅದಕ್ಕೆ ಪುಟ್ಟ ಕರಡಿಮರಿಯ ಚಿತ್ರವಿರುತ್ತದೆ, ಅದು ವೈರಸ್, ಹದಿನಾಲ್ಕು ದಿನ ಸುಮ್ಮನಿದ್ದು ಅನಂತರ ಹಾನಿ ಮಾಡುತ್ತದೆ, ಯಾವ ವೈರಸ್ ನಿರೋಧಕ ತಂತ್ರಾಂಶಕ್ಕೂ ಅದು ಸಿಕ್ಕುವುದಿಲ್ಲ, ಕೂಡಲೇ ಅಳಿಸಿಹಾಕಿ, ನಿಮ್ಮ ವಿಳಾಸಪಟ್ಟಿಯಲ್ಲಿರುವವರಿಗೆಲ್ಲ ತಿಳಿಸಿ ಎಂಬುದು ಅದರ ಸಾರಾಂಶ. ಹುಡುಕಿ ನೋಡಿದೆ. ಹೇಳಿದ ಜಾಗದಲ್ಲಿ ಹೇಳಿದ ಹೆಸರಿನ ಕಡತ, ಮೇಲೆ ಬೂದು ಬಣ್ಣದ ಕರಡಿಮರಿ! ಎದೆ ಝಲ್ಲೆಂದಿತು. ಆರೂ ಯಂತ್ರಗಳಿಂದ ಅದನ್ನು ಅಳಿಸಿದೆ. ಬಳಿಕ ಪತ್ರವನ್ನು ಸರಳ ಕನ್ನಡದಲ್ಲಿ ಬರೆದು, ಅಚ್ಚು ಹಾಕಿಸಿ, ತಾಲ್ಲೂಕಿನಲ್ಲಿ ಗಣಕಯಂತ್ರವಿದ್ದ ಶಾಲೆಗಳಿಗೆಲ್ಲ ಅಂಚೆಯಲ್ಲಿ ಕಳುಹಿಸಿದೆ. ಕೆಳಗೆ ನನ್ನ ಹೆಸರು, ಪದವಿ, ಸಹಿ.

ಆ ಕಡತ ವೈರಸ್ ಆಗಿರಲಿಲ್ಲ. ವಿಂಡೋಸ್‌ನೊಡನೆ ಮೈಕ್ರೋಸಾಫ್ಟ್ ಸಂಸ್ಥೆಯೇ ಕೊಟ್ಟಿದ್ದ, ಜಾವಾ ಕ್ರಮವಿಧಿ ಬರೆಯುವವರಿಗೆ ಬೇಕಾಗುವ ಒಂದು ಸಣ್ಣ ಉಪಕರಣ. ನಮ್ಮಂಥವರಿಗೆ ಅದು ಇದ್ದರೂ ಅಷ್ಟೇ, ಹೋದರೂ ಅಷ್ಟೇ. ನಿರೋಧಕ ತಂತ್ರಾಂಶಕ್ಕೆ ಅದು ಸಿಕ್ಕದಿದ್ದುದು ಅದರಲ್ಲಿ ದೋಷವೇ ಇರದಿದ್ದುದರಿಂದ. ಅದಕ್ಕೆ ಒಂದು ವರ್ಷ ಮೊದಲು, 2001ರಲ್ಲಿ, ಇದೇ ಬಗೆಯ ಇನ್ನೊಂದು ಪತ್ರ ಲೋಕವನ್ನೆಲ್ಲ ಸುತ್ತಿ ವಿಂಡೋಸ್‌ನ ಮತ್ತೊಂದು ನಿರಪರಾಧಿ ಕಡತವನ್ನು ಅಳಿಸಿಸಿತ್ತೆಂಬುದು ಆಮೇಲೆ ತಿಳಿಯಿತು.

ನನ್ನ ಯಂತ್ರಗಳಿಗೆ ಏನೂ ಆಗಲಿಲ್ಲ. ಆದರೆ ಪಕ್ಕದ ಹೋಬಳಿಯ ಶಾಲೆಯೊಂದರಲ್ಲಿ ಹೆಡ್‌ಮಾಸ್ಟರರು ನನ್ನ ಪತ್ರವನ್ನು ಗುಮಾಸ್ತರ ಕೈಗೆ ಕೊಟ್ಟು 'ನೋಡಿ ಮಾಡಿ' ಎಂದರಂತೆ. ಗುಮಾಸ್ತರು ಕರಡಿಮರಿಯನ್ನು ಅಳಿಸಿದರು. ಅಲ್ಲಿಗೆ ನಿಲ್ಲಿಸದೆ, ಅದೇ ಕೋಶದಲ್ಲಿ ಅಪರಿಚಿತ ಚಿತ್ರಗಳಿದ್ದ ಇನ್ನೂ ಹತ್ತಾರು ಕಡತಗಳನ್ನು 'ಇವೂ ಅದೇ ಜಾತಿಯವಿರಬೇಕು' ಎಂದು ಅಳಿಸಿದರು. ಮರುದಿನ ಯಂತ್ರ ಏಳಲಿಲ್ಲ. ಆ ವರ್ಷದ ದಾಖಲಾತಿಯ ಪಟ್ಟಿ, ವಿದ್ಯಾರ್ಥಿವೇತನದ ಪಟ್ಟಿ ಎಲ್ಲವೂ ಅದರೊಳಗೆ. ರಿಪೇರಿಯವನು ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ. ಕೈಬರಹದ ರಿಜಿಸ್ಟರು ಇತ್ತಾಗಿ ಬಚಾವು. ಎರಡು ರಾತ್ರಿ ಕುಳಿತು ಮತ್ತೆ ಟೈಪು ಮಾಡಿದರು. ಹೆಡ್‌ಮಾಸ್ಟರರು ನನಗೆ ಫೋನು ಮಾಡಿ ಬೈಯಲಿಲ್ಲ. 'ಏನ್ ಮೇಷ್ಟ್ರೇ, ನಿಮ್ಮ ಸಹಿ ಇತ್ತಲ್ಲ ಅಂತ ನಂಬಿದೆವು' ಎಂದಷ್ಟೇ ಹೇಳಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ನಾಚಿಕೆಯ ಸಂಗತಿಯೆಂದರೆ, ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದುದೇ ಆಕರಗಳ ಪರೀಕ್ಷೆಯನ್ನು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ವಾದವನ್ನು ಪ್ರತಿವರ್ಷವೂ ಹೇಳುತ್ತಿದ್ದೆ. ಲಿಪಿ ಆ ಕಾಲಕ್ಕೆ ಹೊಂದುತ್ತದೆಯೇ, ತಿಥಿ ವಾರಗಳು ಕೂಡಿ ಬರುತ್ತವೆಯೇ, ವಂಶಾವಳಿ ಬೇರೆ ಶಾಸನಗಳೊಡನೆ ತಾಳೆಯಾಗುತ್ತದೆಯೇ ಎಂದು ನೋಡಿ ಫ್ಲೀಟ್ ಮಹಾಶಯರು ಅನೇಕ ಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು; ರೈಸರು ಅವುಗಳ ಪರವಾಗಿ ನಿಂತರು. ಇಬ್ಬರಲ್ಲಿ ಯಾರು ಎಷ್ಟು ಸರಿ ಎಂಬುದು ಬೇರೆ ಮಾತು. ತಾಮ್ರದ ಮೇಲೆ ಕೊರೆದದ್ದನ್ನೇ ಹೀಗೆ ಒರೆಹಚ್ಚಬೇಕೆಂದು ಮಕ್ಕಳಿಗೆ ಹೇಳಿದ ನಾನು, ತೆರೆಯ ಮೇಲೆ ಬಂದ ನಾಲ್ಕು ಸಾಲನ್ನು ಯಾರು ಬರೆದರು, ಎಂದು ಬರೆದರು ಎಂದು ಕೇಳದೆ ಸಹಿ ಹಾಕಿಬಿಟ್ಟಿದ್ದೆ.

ಗಣಕಯಂತ್ರಗಳ ರಕ್ಷಣೆಗೆ ನಂಬಬಹುದಾದ ಕೈಪಿಡಿ ಯಾವುದು, ಅದನ್ನು ಬರೆಯುವವರು ಯಾರು ಎಂಬ ಹುಡುಕಾಟ ನನ್ನಲ್ಲಿ ಪ್ರಾರಂಭವಾದುದು ಆಗ. ನಿವೃತ್ತಿಯ ನಂತರ ಅದರ ಚರಿತ್ರೆಯನ್ನು ಸಾವಧಾನವಾಗಿ ಓದಿದೆ. ಓದಿದಂತೆಲ್ಲ ನನ್ನ ಕರಡಿಮರಿಗೆ ಬಹಳ ಹಿರಿಯ ಪೂರ್ವಜರಿದ್ದಾರೆಂದು ತಿಳಿಯಿತು.

ಮೊದಲು ಗುಪ್ತಪದದ ಕಥೆ. 1979ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ಇಬ್ಬರು ವಿದ್ವಾಂಸರು, ಯುನಿಕ್ಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡುಗಳನ್ನು ಹೇಗೆ ಕಾಪಾಡಬೇಕೆಂಬ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅವರು ಬಳಕೆದಾರರ 3,289 ಪಾಸ್‌ವರ್ಡುಗಳನ್ನು ಕಲೆಹಾಕಿ ಪರೀಕ್ಷಿಸಿದ್ದರು. ಅದರಲ್ಲಿ 15 ಮಂದಿಯದು ಒಂದೇ ಅಕ್ಷರ! 72 ಮಂದಿಯದು ಎರಡಕ್ಷರ. ನಿಘಂಟಿನ ಪದಗಳು, ಹೆಸರುಗಳು ಎಲ್ಲ ಸೇರಿ 2,831, ಎಂದರೆ ನೂರಕ್ಕೆ 86 ಭಾಗ, ಸುಲಭವಾಗಿ ಊಹಿಸಬಹುದಾದವು. ಊಹಿಸುವ ಬದಲು ಎಣಿಸಿ ನೋಡಿದ್ದು ಆ ಪ್ರಬಂಧದ ಹೆಚ್ಚುಗಾರಿಕೆ. ಈ ಹಿರಿಯ ಮಾರಿಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತಾರೆ.

1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗಣಕ ವ್ಯವಸ್ಥೆಗಳನ್ನು ಅಳೆಯುವ ಮಾನದಂಡವೊಂದನ್ನು ಹೊರತಂದಿತು. ಹೊದಿಕೆಯ ಬಣ್ಣದಿಂದಾಗಿ ಅದು 'ಕಿತ್ತಳೆ ಪುಸ್ತಕ' ಎಂದು ಪ್ರಸಿದ್ಧವಾಯಿತು. ಅದರ ಬೆನ್ನಿಗೆ ಬೇರೆ ಬೇರೆ ಬಣ್ಣದ ಪುಸ್ತಕಗಳು ಬಂದು ಒಂದು ಕಾಮನಬಿಲ್ಲೇ ಆಯಿತು. ಡಿ ಎಂಬ ಕನಿಷ್ಠ ವರ್ಗದಿಂದ ಎ1 ಎಂಬ ಪರಮೋಚ್ಚ ವರ್ಗದವರೆಗೆ ಅದರಲ್ಲಿ ಶ್ರೇಣಿಗಳಿದ್ದವು. ಗಂಭೀರವಾದ ಕೃತಿ, ಆದರೆ ಯಂತ್ರ ತಯಾರಿಸುವವರಿಗೆ, ಸೇನೆಗೆ ಕೊಳ್ಳುವವರಿಗೆ ಬರೆದದ್ದು. ವಿಶ್ವವಿದ್ಯಾಲಯವೊಂದರ ಗಣಕ ಕೊಠಡಿಯಲ್ಲಿ ರಾತ್ರಿ ಎರಡು ಗಂಟೆಗೆ ಏನೋ ಎಡವಟ್ಟಾದಾಗ ಅದನ್ನು ತೆರೆದು ನೋಡಿ ಪ್ರಯೋಜನವಿರಲಿಲ್ಲ.

ತಯಾರಕರ ಕೈಪಿಡಿಗಳ ಸ್ಥಿತಿ ಇನ್ನೂ ವಿಚಿತ್ರ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞರು ಗಣಕದ ಲೆಕ್ಕದಲ್ಲಿ ಕೇವಲ 75 ಸೆಂಟುಗಳ ವ್ಯತ್ಯಾಸ ಬಂದುದನ್ನು ಬೆನ್ನುಹತ್ತಿ, ಜರ್ಮನಿಯ ಹ್ಯಾನೋವರ್ ನಗರದಲ್ಲಿ ಕುಳಿತು ಅಮೆರಿಕದ ಸೇನಾ ಗಣಕಗಳನ್ನು ಜಾಲಾಡುತ್ತಿದ್ದವನನ್ನು ಹಿಡಿಸಿದರು. ಆತ ಅಸಾಧಾರಣ ಬುದ್ಧಿವಂತನೇನೂ ಅಲ್ಲ. ಯಂತ್ರದೊಡನೆ ತಯಾರಕರೇ ಇಟ್ಟು ಕಳುಹಿಸಿದ ಖಾತೆಗಳು, ಪಾಸ್‌ವರ್ಡುಗಳು ಎಷ್ಟೋ ಕಡೆ ಹಾಗೆಯೇ ಉಳಿದಿದ್ದವು. ಆತ ಬಾಗಿಲು ತಳ್ಳಿ ನೋಡುತ್ತಿದ್ದ, ತೆರೆದರೆ ಒಳಗೆ ಹೋಗುತ್ತಿದ್ದ. ಕೈಪಿಡಿಯನ್ನು ಯಜಮಾನರು ಓದಿರಲಿಲ್ಲ, ಕಳ್ಳ ಓದಿದ್ದ.

ಇನ್ನು 1988ರ ನವೆಂಬರ್ 2, ಬುಧವಾರ. ಆ ರಾತ್ರಿಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಇಪ್ಪತ್ತೆರಡು ವರ್ಷದ ಸಂಶೋಧನಾ ವಿದ್ಯಾರ್ಥಿಯೊಬ್ಬ ತಾನೇ ಹರಡಿಕೊಳ್ಳುವ ಒಂದು ಕ್ರಮವಿಧಿಯನ್ನು ಬರೆದು, ಗುರುತು ಸಿಗದಿರಲೆಂದು ಎಂಐಟಿಯ ಯಂತ್ರವೊಂದರಿಂದ ಅದನ್ನು ಅಂತರ್ಜಾಲಕ್ಕೆ ಬಿಟ್ಟ. ಅಂದಿನ ಅಂತರ್ಜಾಲ ಬಹಳ ಚಿಕ್ಕದು, ಹೆಚ್ಚಾಗಿ ವಿಶ್ವವಿದ್ಯಾಲಯಗಳು ಮತ್ತು ಪ್ರಯೋಗಾಲಯಗಳು. ಆ 'ಹುಳು' ಯಾವ ಕಡತವನ್ನೂ ಅಳಿಸಲಿಲ್ಲ. ಆದರೆ ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ಹೊಕ್ಕು, ನೂರಾರು ಪ್ರತಿಗಳಾಗಿ, ಯಂತ್ರವೇ ಉಸಿರುಕಟ್ಟಿ ನಿಲ್ಲುವಂತೆ ಮಾಡಿತು. ತಾನು ಈಗಾಗಲೇ ಇರುವ ಯಂತ್ರದಲ್ಲೂ ಏಳಕ್ಕೊಂದು ಬಾರಿ ಉಳಿದುಕೊಳ್ಳಬೇಕೆಂದು ಆತ ಇಟ್ಟಿದ್ದ ಲೆಕ್ಕವೇ ಅನಾಹುತಕ್ಕೆ ಕಾರಣ. ಸುಮಾರು 6,000 ಯಂತ್ರಗಳು ತುತ್ತಾದವೆಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಅದು ಎಣಿಕೆಯಲ್ಲ, ಅಂದಾಜು. 60,000 ಯಂತ್ರಗಳಲ್ಲಿ ಹತ್ತನೆಯ ಒಂದು ಭಾಗವಿರಬಹುದೆಂದು ಹಾಕಿದ ಲೆಕ್ಕ. ಒಬ್ಬರು ಬರೆದುದನ್ನು ಇನ್ನೊಬ್ಬರು ಬರೆದು ಅಂದಾಜೇ ಅಂಕಿ ಅಂಶವಾಗಿಬಿಟ್ಟಿದೆ. ಚರಿತ್ರೆಯ ಪುಸ್ತಕಗಳಲ್ಲಿ ಸೈನ್ಯದ ಸಂಖ್ಯೆಗಳೂ ಹೀಗೆಯೇ ಅಲ್ಲವೇ?

ಹುಳು ಹೊಕ್ಕ ದಾರಿಗಳಲ್ಲಿ ಒಂದು, ಪಾಸ್‌ವರ್ಡಿನ ಊಹೆ. ತನ್ನೊಡನೆ 432 ಪದಗಳ ಪಟ್ಟಿಯನ್ನು ಅದು ಹೊತ್ತುಕೊಂಡಿತ್ತು. ಅದು ಮುಗಿದರೆ ಯಂತ್ರದಲ್ಲೇ ಇದ್ದ ನಿಘಂಟನ್ನು ಬಳಸುತ್ತಿತ್ತು. ಒಂಬತ್ತು ವರ್ಷ ಹಿಂದಿನ ಪ್ರಬಂಧ ಎಚ್ಚರಿಸಿದ್ದೂ ಇದನ್ನೇ. ಆ ವಿದ್ಯಾರ್ಥಿಯ ಹೆಸರು ರಾಬರ್ಟ್ ಟಪ್ಪನ್ ಮಾರಿಸ್. ಪ್ರಬಂಧ ಬರೆದ ಹಿರಿಯ ಮಾರಿಸರ ಮಗ. ತಂದೆ ಆ ವೇಳೆಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ಗಣಕ ಸುರಕ್ಷತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ. ಕಿತ್ತಳೆ ಪುಸ್ತಕ ಹೊರಬಂದುದು ಇದೇ ಕೇಂದ್ರದಿಂದ! ಉಪಾಧ್ಯಾಯರ ಮನೆಯ ಮಕ್ಕಳ ಬಗ್ಗೆ ನಮ್ಮ ಕಡೆ ಆಡುವ ಮಾತುಗಳು ನೆನಪಾಗುತ್ತವೆ, ಇರಲಿ.

ನನ್ನನ್ನು ಬಹುವಾಗಿ ತಟ್ಟಿದ್ದು ಅನಂತರ ನಡೆದ ಸಂಗತಿ. ಹುಳು ತನ್ನ ಕೈಮೀರಿದ್ದು ಗೊತ್ತಾದಾಗ ಆ ಯುವಕ ಹಾರ್ವರ್ಡಿನಲ್ಲಿದ್ದ ಸ್ನೇಹಿತ ಆಂಡ್ರ್ಯೂ ಸಡತ್‌ಗೆ ಫೋನು ಮಾಡಿದ. ನವೆಂಬರ್ 3ರ ನಸುಕಿನಲ್ಲಿ, ಮೂರೂವರೆಯ ಸುಮಾರಿಗೆ, ಸಡತ್ ಹೆಸರು ಹಾಕದೆ ಜಾಲಕ್ಕೆ ಒಂದು ಸಂದೇಶ ಕಳುಹಿಸಿದ. ಅದರಲ್ಲಿ ಕ್ಷಮೆಯ ಕೋರಿಕೆ ಇತ್ತು. ಜೊತೆಗೆ ಹುಳು ಹರಡದಂತೆ ಮಾಡಲು ಏನೇನು ಮಾಡಬೇಕೆಂಬ ಸೂಚನೆಗಳಿದ್ದವು. ಸೂಚನೆಗಳು ಸರಿಯಾಗಿಯೇ ಇದ್ದವು. ಬರೆಸಿದವನೇ ಹುಳುವಿನ ಕರ್ತೃ, ಅವನಿಗಿಂತ ಬಲ್ಲವರು ಯಾರು? ಆದರೆ ಹುಳುವಿನಿಂದಲೇ ಜಾಲ ಕಟ್ಟಿಹೋಗಿತ್ತು. ಅನೇಕ ಸಂಸ್ಥೆಗಳು ಭಯದಿಂದ ತಂತಿಯನ್ನೇ ಕಿತ್ತು ಕುಳಿತಿದ್ದವು. ಆ ಸಂದೇಶ ಒಂದು ಹಗಲು ಒಂದು ರಾತ್ರಿಗೂ ಹೆಚ್ಚು ಕಾಲ ದಾರಿಯಲ್ಲೇ ಉಳಿದು, ಉಪಯೋಗಕ್ಕೆ ಬರುವ ಹೊತ್ತು ಮೀರಿದ ಮೇಲೆ ತಲುಪಿತು. ಅದು ವೇಳೆಗೆ ಸರಿಯಾಗಿ ತಲುಪಿದ್ದರೂ ಹೆಸರಿಲ್ಲದ ಪತ್ರವನ್ನು ಎಷ್ಟು ಮಂದಿ ನಂಬುತ್ತಿದ್ದರೋ ಹೇಳಲಾಗದು. ನಂಬಬೇಕಾದ ಸೂಚನೆಗೆ ಸಹಿಯಿಲ್ಲ. ನಂಬಬಾರದ ನನ್ನ ಪತ್ರಕ್ಕೆ ಸಹಿ, ಮೊಹರು ಎರಡೂ ಇದ್ದವು.

ಆ ಬೆಳಗಾಗುವುದರೊಳಗೆ ಬರ್ಕ್ಲಿಯ ಕೀತ್ ಬಾಸ್ಟಿಕ್ ಮತ್ತು ಸಂಗಡಿಗರು ಮೊದಲ ತೇಪೆಯನ್ನು ಸಿದ್ಧಪಡಿಸಿ ಹಂಚಿದರು. ಎಂಐಟಿ, ಪರ್ಡ್ಯೂ ಮೊದಲಾದ ಕಡೆಗಳಲ್ಲೂ ಜನ ನಿದ್ದೆಗೆಟ್ಟು ಹುಳುವನ್ನು ಬಿಡಿಸಿ ನೋಡಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ ಅದೇ ಕೆಲಸ ಹಲವು ಕಡೆ ನಡೆಯಿತು. ಪರಸ್ಪರ ಪರಿಚಯವಿದ್ದವರು ಫೋನಿನಲ್ಲಿ ಮಾತಾಡಿಕೊಂಡರು, ಪರಿಚಯವಿಲ್ಲದವರು ಕಾದರು. ಕೆಲವೇ ದಿನಗಳಲ್ಲಿ ಹುಳು ತಣ್ಣಗಾಯಿತು. ಕಿರಿಯ ಮಾರಿಸನಿಗೆ 1990ರಲ್ಲಿ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಲಾಯಿತು. ಮುಂದೆ ಆತ ಎಂಐಟಿಯಲ್ಲೇ ಪ್ರಾಧ್ಯಾಪಕನಾದುದನ್ನು ನೋಡಿದರೆ, ತರಗತಿಯ ತುಂಟರನ್ನು ಬೇಗ ಕೈಬಿಡಬಾರದೆಂಬ ನನ್ನ ಹಳೆಯ ಅಭಿಪ್ರಾಯ ಗಟ್ಟಿಯಾಗುತ್ತದೆ.

ಇಂಥ ರಾತ್ರಿ ಮತ್ತೆ ಬಂದರೆ ಯಾರಿಗೆ ಫೋನು ಮಾಡಬೇಕು? ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗ ಅದೇ ವರ್ಷದ ಕೊನೆಯೊಳಗೆ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಂದು ತಂಡವನ್ನು ನೆಲೆಗೊಳಿಸಿತು. ಹೆಸರು ಸರ್ಟ್. ಇಪ್ಪತ್ತನಾಲ್ಕು ಗಂಟೆಯೂ ಎತ್ತುವ ಒಂದು ದೂರವಾಣಿ, ತಪ್ಪನ್ನು ತಯಾರಕರಿಗೆ ತಿಳಿಸಿ ತೇಪೆ ಬಂದ ಮೇಲೆ ಹೊರಡಿಸುವ ಕ್ರಮಸಂಖ್ಯೆಯುಳ್ಳ ಸೂಚನಾಪತ್ರಗಳು: ಇವು ಅದರ ಕೆಲಸ. ಆ ಸೂಚನಾಪತ್ರಗಳ ಹಳೆಯ ಕಡತಗಳನ್ನು ಓದುತ್ತಿದ್ದಾಗ 1991ರ ಏಪ್ರಿಲ್ ತಿಂಗಳ ಎರಡು ಪತ್ರಗಳು ನನ್ನನ್ನು ಹಿಡಿದು ನಿಲ್ಲಿಸಿದವು. ವ್ಯವಸ್ಥಾಪಕರಿಂದ ಬಂದಂತೆ ಕಾಣುವ ಮಿಂಚಂಚೆಗಳು ಬಳಕೆದಾರರಿಗೆ ತಲುಪುತ್ತಿವೆ, ನಿಮ್ಮ ಪಾಸ್‌ವರ್ಡನ್ನು ಇಂತಿಂಥದಕ್ಕೆ ಬದಲಿಸಿಕೊಳ್ಳಿ ಎಂದು ಹೇಳುತ್ತಿವೆ, ನಂಬಬೇಡಿ, ವ್ಯವಸ್ಥಾಪಕರನ್ನು ನೇರವಾಗಿ ಕೇಳಿ ದೃಢಪಡಿಸಿಕೊಳ್ಳಿ ಎಂಬ ಅರ್ಥದ ಎಚ್ಚರಿಕೆ ಅಲ್ಲಿತ್ತು. ನಾನು ಕರಡಿಮರಿಯನ್ನು ಅಳಿಸುವುದಕ್ಕೆ ಹನ್ನೊಂದು ವರ್ಷ ಮೊದಲೇ! 1994ರ ಕೊನೆಯಲ್ಲಿ 'ಗುಡ್ ಟೈಮ್ಸ್' ಎಂಬ ಶೀರ್ಷಿಕೆಯ ಮಿಂಚಂಚೆಯನ್ನು ತೆರೆದರೆ ಯಂತ್ರ ಹಾಳಾಗುತ್ತದೆಂಬ ಸುಳ್ಳು ಹರಡಿದಾಗಲೂ, ಅಮೆರಿಕದ ಇಂಧನ ಇಲಾಖೆಯ ಇಂಥದೇ ತಂಡ ಅದು ಬರಿಯ ವದಂತಿಯೆಂದು ಪ್ರಕಟಣೆ ಹೊರಡಿಸಿತ್ತು. ವದಂತಿಯ ಕಾಲಿಗೆ ಚಕ್ರವಿತ್ತು, ಪ್ರಕಟಣೆಗೆ ಇರಲಿಲ್ಲ.

ಆ ಕಾಲದ ಕೈಪಿಡಿಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು 1991ರ ಜುಲೈನಲ್ಲಿ ಹೊರಬಂದ 'ಸೈಟ್ ಸೆಕ್ಯೂರಿಟಿ ಹ್ಯಾಂಡ್‌ಬುಕ್'. ಅಂತರ್ಜಾಲದ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಮಾಲೆಯಲ್ಲಿ ಅದರ ಸಂಖ್ಯೆ 1244. ಪಾಲ್ ಹಾಲ್‌ಬ್ರೂಕ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅದರ ಸಂಪಾದಕರು. ಯಾವ ಕಡತ ಅಳಿಸಬೇಕು, ಯಾವ ಗುಂಡಿ ಒತ್ತಬೇಕು ಎಂದು ಅದು ಹೇಳುವುದಿಲ್ಲ. ನಿಮ್ಮಲ್ಲಿ ಕಾಪಾಡಬೇಕಾದದ್ದು ಏನಿದೆ, ಅದಕ್ಕೆ ಅಪಾಯ ಯಾರಿಂದ, ಎಷ್ಟರ ಮಟ್ಟಿಗೆ ಸಂಭವ, ಖರ್ಚಿಗೆ ತಕ್ಕ ರಕ್ಷಣೆ ಯಾವುದು ಎಂದು ಮೊದಲು ಕೇಳುತ್ತದೆ. ಈ ವಿಚಾರಣೆಯನ್ನು ಆಗಾಗ ಮತ್ತೆ ಮಾಡಿರೆನ್ನುತ್ತದೆ. ಘಟನೆ ನಡೆದಾಗ ಯಾರು ಯಾರಿಗೆ ತಿಳಿಸಬೇಕೆಂಬುದನ್ನು ಮೊದಲೇ ಬರೆದಿಡಬೇಕೆಂದು ಒತ್ತಿ ಹೇಳುತ್ತದೆ. ಕೊನೆಯಲ್ಲಿ ಬೇರೆ ಪುಸ್ತಕಗಳ ಟಿಪ್ಪಣಿಸಹಿತ ಪಟ್ಟಿಯೊಂದಿದೆ. 'ನಾನೊಬ್ಬನೇ ಸಾಲೆ, ಇವರನ್ನೂ ಓದಿ' ಎನ್ನುವ ವಿನಯ ಅದು. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಮತ್ತೆ ಹೊರತಂದಂತೆ, ಈ ಕೈಪಿಡಿಯೂ 1997ರ ಸೆಪ್ಟೆಂಬರಿನಲ್ಲಿ ಬಾರ್ಬರಾ ಫ್ರೇಸರ್ ಅವರ ಸಂಪಾದಕತ್ವದಲ್ಲಿ 2196ನೆಯ ಸಂಖ್ಯೆಯಾಗಿ ಪರಿಷ್ಕರಣಗೊಂಡಿತು. ಆರ್‌ಎಫ್‌ಸಿ ಮಾಲೆಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಒಮ್ಮೆ ಪ್ರಕಟವಾದದ್ದನ್ನು ತಿದ್ದುವುದಿಲ್ಲ. ಹೊಸದು ಬಂದಾಗ ಹಳೆಯದನ್ನು ಹಾಗೆಯೇ ಉಳಿಸಿ, ಇದರ ಬದಲಿಗೆ ಅದು ಎಂದು ಪಟ್ಟಿಯಲ್ಲಿ ನಮೂದಿಸುತ್ತಾರೆ. ಯಾರು, ಯಾವಾಗ, ಯಾವುದರ ಬದಲಿಗೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ನಂಬಲರ್ಹ ಸಂಸ್ಥೆಗಳ ಬಗ್ಗೆ ದೂರುಗಳೂ ಇದ್ದವು. ತಯಾರಕರು ತೇಪೆ ಕೊಡುವವರೆಗೆ ಸರ್ಟ್ ಬಾಯಿ ಬಿಡುವುದಿಲ್ಲ, ಅಷ್ಟರಲ್ಲಿ ಕಳ್ಳರಿಗೆಲ್ಲ ವಿಷಯ ತಿಳಿದಿರುತ್ತದೆ ಎಂಬ ಅಸಮಾಧಾನದಿಂದ, ದೋಷಗಳನ್ನು ಬಹಿರಂಗವಾಗಿ ಚರ್ಚಿಸುವ 'ಬಗ್‌ಟ್ರಾಕ್' ಎಂಬ ಅಂಚೆಪಟ್ಟಿ 1993ರಲ್ಲಿ ಹುಟ್ಟಿಕೊಂಡಿತು. 2000ನೆಯ ಇಸವಿಯಲ್ಲಿ ಸರ್ಟ್ ಕೂಡ 45 ದಿನಗಳ ಗಡುವಿನ ನೀತಿಯನ್ನು ಪ್ರಕಟಿಸಬೇಕಾಯಿತು. ಈ ಜಗಳವೂ ಹೊಸದಲ್ಲ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂದ ಆಲ್‌ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಬೀಗದವನು, ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ, ಬ್ರಾಮಾ ಬೀಗವನ್ನು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಕೀಲಿಯಿಲ್ಲದೆ ತೆರೆದು ತೋರಿಸಿದ. ಬೀಗದ ದೌರ್ಬಲ್ಯವನ್ನು ಹೀಗೆ ಸಾರಬಹುದೇ ಎಂದು ಆಗಲೂ ಗದ್ದಲವೆದ್ದಿತು. ನನ್ನ ಮಟ್ಟಿಗೆ ನಾನು ಹಾಬ್ಸನ ಕಡೆಯವನು.

ಇಷ್ಟಾದರೂ, ಕರ್ತೃವಿನ ಹೆಸರಿದ್ದು, ದಿನಾಂಕವಿದ್ದು, ಸರ್ಕಾರದ ಮುದ್ರೆಯೂ ಇದ್ದ ಕೈಪಿಡಿ ತಪ್ಪಾಗಲಾರದೇ? ಆಗಬಹುದು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನಲ್ಲಿ ಬಿಲ್ ಬರ್ ಎಂಬ ಅಧಿಕಾರಿ 2003ರಲ್ಲಿ ಪಾಸ್‌ವರ್ಡುಗಳ ಬಗ್ಗೆ ಒಂದು ಮಾರ್ಗದರ್ಶಿ ಬರೆದರು. ದೊಡ್ಡಕ್ಷರ, ಅಂಕಿ, ವಿಶೇಷ ಚಿಹ್ನೆಗಳನ್ನು ಬೆರೆಸಬೇಕು, ಆಗಾಗ ಬದಲಿಸಬೇಕು ಎಂದು ಜಗತ್ತಿನ ಕಚೇರಿಗಳೆಲ್ಲ ಹಿಡಿದ ಹಟದ ಹಿಂದೆ ಅದರ ಪ್ರಭಾವ ಬಹಳ. ನಾನೂ ಶಾಲೆಯಲ್ಲಿ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮ ಮಾಡಿದ್ದೆ. ಜೂನ್ ತಿಂಗಳಿಗೆ 'ಸರಸ್ವತಿ1', ಜುಲೈಗೆ 'ಸರಸ್ವತಿ2'. ಹತ್ತನೆಯ ತರಗತಿಯ ಹುಡುಗರು ಆಗಸ್ಟಿನದನ್ನು ಜುಲೈನಲ್ಲೇ ಬಲ್ಲವರಾಗಿದ್ದರು. ಎಲ್ಲ ದೇಶಗಳ ಮೇಷ್ಟರುಗಳೂ ಇದನ್ನೇ ಮಾಡುತ್ತಾರೆಂಬುದು 2010ರಲ್ಲಿ ಸಾಬೀತಾಯಿತು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಖಾತೆಗಳನ್ನು ಪರೀಕ್ಷಿಸಿ, ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ನೂರಕ್ಕೆ 41ರಷ್ಟು ಹೊಸ ಪಾಸ್‌ವರ್ಡುಗಳನ್ನು ಕೆಲವೇ ಕ್ಷಣಗಳಲ್ಲಿ ಕಂಡುಹಿಡಿಯಬಹುದೆಂದು ತೋರಿಸಿದರು. 2017ರಲ್ಲಿ ನಿಸ್ಟ್ ತನ್ನ ಮಾರ್ಗದರ್ಶಿಯನ್ನು ಬದಲಿಸಿತು: ಸೋರಿಕೆಯಾದ ಸುಳಿವಿಲ್ಲದೆ ಬದಲಿಸುವಂತೆ ಒತ್ತಾಯಿಸಬೇಡಿ, ಚಿಹ್ನೆಗಳ ಕಟ್ಟುಪಾಡು ಬೇಡ, ಉದ್ದವಿರಲಿ. 2025ರ ಪರಿಷ್ಕರಣೆಯಲ್ಲಿ ಇದೇ ಮಾತು ಇನ್ನೂ ಖಚಿತವಾಗಿದೆ. ನಿವೃತ್ತರಾಗಿದ್ದ ಬರ್ ಅವರು 2017ರಲ್ಲೇ ಪತ್ರಿಕೆಯೊಂದರೊಡನೆ ಮಾತನಾಡುತ್ತ, ತಾವು ಬರೆದುದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದು ಒಪ್ಪಿಕೊಂಡರು. ಸಾಕಷ್ಟು ಮಾಹಿತಿ ಆಗ ಅವರ ಕೈಯಲ್ಲಿರಲಿಲ್ಲ. 1980ರ ದಶಕದ ಹಳೆಯ ಬರಹವೊಂದನ್ನು ಬಹುವಾಗಿ ನೆಚ್ಚಿಕೊಂಡಿದ್ದರು. ಅವರ ಮಾತನ್ನು ಓದಿದ ದಿನ ಅವರಿಗೊಂದು ಪತ್ರ ಬರೆಯೋಣವೆನಿಸಿತು. ನನ್ನದು ಒಂದು ತಾಲ್ಲೂಕು, ಅವರದು ಇಡೀ ಜಗತ್ತು. ಆದರೆ ಆ ರೀತಿಯ ಸಂಕಟ ಒಂದೇ ಜಾತಿಯದು.

ನಮ್ಮ ದೇಶದಲ್ಲಿ ಸರ್ಟ್-ಇನ್ ಎಂಬ ಇಂಥದೇ ಸಂಸ್ಥೆ 2004ರ ಜನವರಿಯಿಂದ ಕೆಲಸ ಮಾಡುತ್ತಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ಆದ ತಿದ್ದುಪಡಿ ಅದಕ್ಕೆ ಶಾಸನಬದ್ಧ ಸ್ಥಾನ ನೀಡಿತು. ದಿನಾಂಕ, ಕ್ರಮಸಂಖ್ಯೆ ಸಹಿತ ಅದು ಹೊರಡಿಸುವ ಸೂಚನೆಗಳನ್ನು ಯಾರು ಬೇಕಾದರೂ ಓದಬಹುದು. 2002ರಲ್ಲಿ ಅದು ಇದ್ದಿದ್ದರೂ ನಾನು ಹುಡುಕುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ. ಕರಡಿಮರಿ ಸುಳ್ಳೆಂದು ವೈರಸ್ ನಿರೋಧಕ ಸಂಸ್ಥೆಗಳ ತಾಣಗಳಲ್ಲಿ ಆಗಲೇ ಬರೆದಿತ್ತು. ಐದು ನಿಮಿಷದ ಕೆಲಸ. ದೂರವಾಣಿ ಬಿಲ್ಲು ಹೆಚ್ಚಾಗುತ್ತದೆಂದು ಸಂಪರ್ಕ ಕಡಿದುಹಾಕಿ, ಪತ್ರ ಅಚ್ಚು ಹಾಕಿಸಲು ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದೆ.

ಕಳೆದ ವರ್ಷ ಬೆಂಗಳೂರಿನಿಂದ ಹಳೆಯ ಶಿಷ್ಯನೊಬ್ಬ ಬಂದಿದ್ದ. ದೊಡ್ಡ ಸಂಸ್ಥೆಯೊಂದರಲ್ಲಿ ಜಾಲಗಳ ಕಾವಲು ಅವನ ಉದ್ಯೋಗ. ಪಾಸ್‌ವರ್ಡುಗಳನ್ನು ನಾನು ಬರೆದಿಟ್ಟುಕೊಳ್ಳುವ ಪುಟ್ಟ ಡೈರಿಯನ್ನು ಸಂಕೋಚದಿಂದಲೇ ತೋರಿಸಿದೆ. ನಗುತ್ತಾನೆಂದುಕೊಂಡಿದ್ದೆ. 'ಮನೆ ಬೀರುವಿನಲ್ಲಿಟ್ಟು ಬೀಗ ಹಾಕಿ ಸಾರ್, ಪರವಾಗಿಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆಗೂ ಇಡಬೇಡಿ, ಅಷ್ಟೆ' ಎಂದ. ಬರೆದಿಡಬಾರದೆಂದು ನಾನೇ ಅವನಿಗೆ ಪಾಠ ಹೇಳಿದ್ದೆ.

ಆ ಹೆಡ್‌ಮಾಸ್ಟರರ ವಿಷಯ ಹೇಳದೆ ಲೇಖನ ಮುಗಿಯದು. ಅವರೂ ನಿವೃತ್ತರಾಗಿ ಊರಿನಲ್ಲಿದ್ದಾರೆ. 2022ರ ಒಂದು ಮಧ್ಯಾಹ್ನ ಸ್ಥಿರ ದೂರವಾಣಿಯಿಂದ ನನಗೆ ಫೋನು ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು. ಮೊಬೈಲಿನಲ್ಲಿ ಯಾರೋ ಬ್ಯಾಂಕಿನವನೆಂದು ಹೇಳಿಕೊಂಡು ಕಾಯುತ್ತಿದ್ದನಂತೆ. ಖಾತೆ ಬಂದಾಗುತ್ತದೆ, ಸುರಕ್ಷತೆಗಾಗಿ ಒಂದು ಆ್ಯಪ್ ಹಾಕಿಕೊಳ್ಳಿ, ಒಂದೊಂದೇ ಹೆಜ್ಜೆ ನಾನು ಹೇಳಿಕೊಡುತ್ತೇನೆ ಎನ್ನುತ್ತಿದ್ದನಂತೆ. 'ಬಹಳ ಮರ್ಯಾದೆಯಿಂದ ಮಾತಾಡ್ತಾನೆ ಮೇಷ್ಟ್ರೇ. ಇದೂ ಕರಡಿಮರಿಯೇನ್ರೀ?' ಎಂದು ಕೇಳಿದರು.

ಹೌದೆಂದೆ. ಮೊಬೈಲನ್ನು ಕೂಡಲೇ ಬಂದ್ ಮಾಡಿ, ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿರುವ ಸಂಖ್ಯೆಗೆ ನೀವೇ ಫೋನು ಮಾಡಿ ಕೇಳಿ, ಹಣವೇನಾದರೂ ಹೋಗಿದ್ದರೆ 1930ಕ್ಕೆ ದೂರು ಕೊಡಿ ಎಂದೆ.

ಒಂದು ಗಳಿಗೆ ಸದ್ದಿಲ್ಲ. ಆಮೇಲೆ, 'ಈ ಸಂಖ್ಯೆ ಸರಿಯಾಗಿದೆ ತಾನೇ? ನೋಡಿಕೊಂಡು ಹೇಳ್ತಿದ್ದೀರಾ?' ಎಂದರು.

ನೋಡಿಕೊಂಡು ಮತ್ತೆ ಫೋನು ಮಾಡಿದೆ.